ಒತ್ತಡ ಏರಿಸುವ ಬೇರು, ಒತ್ತಡ ಇಳಿಸುವ ಬೇರು

ಕಳೆದ ತಿಂಗಳ ಒಂದು ಸಂಜೆ ನಾವು ಕರಡು ತಿದ್ದುತ್ತ ಕುಳಿತಿದ್ದಾಗ ಹಳೆಯ ಪರಿಚಯದ ಅಡಿಗೆಯ ಭಟ್ಟರೊಬ್ಬರು ಕಚೇರಿಯ ಮೆಟ್ಟಲೇರಿ ಬಂದರು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಏಳೆಂಟು ವರ್ಷ ನಮ್ಮ ಒಲೆಯ ಮುಂದೆ ನಿಂತವರು ಅವರು. ಈಗ ಉಪನಗರದ ಬೇರೊಂದು ಹೋಟೆಲಿನಲ್ಲಿದ್ದಾರೆ. ಬಗಲಲ್ಲಿ ಆಸ್ಪತ್ರೆಯ ಕಾಗದಗಳ ಕಟ್ಟು ಇತ್ತು. ಕುಳ್ಳಿರಿಸಿ ಚಹಾ ತರಿಸಿದೆವು. ಸಕ್ಕರೆ ಹಾಕಿದ್ದಾರೋ ಇಲ್ಲವೋ ಎಂದು ಕೂಡ ನೋಡದೆ ಅವರು ಮೊದಲು ಕೇಳಿದ್ದು ಇದು:

“ರಾಯರೇ, ನೀವು ಗಲ್ಲೆಯ ಮೇಲೆ ಒಂದು ಗಾಜಿನ ಬಾಟ್ಲಿ ಇಡ್ತಿದ್ರಲ್ಲ, ಜೇಷ್ಠಮಧುವಿನದ್ದು. ನೆನಪುಂಟೋ?”

ನೆನಪಿಲ್ಲದೆ ಏನು? ಒಗ್ಗರಣೆಯ ಹೊಗೆಗೂ ಭಟ್ಟಿಯ ಕಾವಿಗೂ ಗಂಟಲು ಕೆಟ್ಟು ಕೆಮ್ಮುವ ಹುಡುಗರಿಗೆ ಒಂದೊಂದು ಕಡ್ಡಿ ಕೊಟ್ಟು, “ಬಾಯಲ್ಲಿಟ್ಟುಕೋ, ಕಫ ಕರಗುತ್ತದೆ” ಎಂದು ಹೇಳುವುದು ನಮ್ಮ ಪರಿಪಾಠವಾಗಿತ್ತು. ಬೀಡಿ, ತಂಬಾಕಿಗಿಂತ ಇದು ಲೇಸಲ್ಲವೇ ಎಂಬ ಒಂದು ಸಣ್ಣ ಹೆಮ್ಮೆಯೂ ನಮಗಿತ್ತು. ಬೇರೆ ಹುಡುಗರು ಕೆಮ್ಮು ಹೋದೊಡನೆ ಅದನ್ನು ಮರೆತರು. ಭಟ್ಟರು ಮರೆಯಲಿಲ್ಲ. ಬೆಳಿಗ್ಗೆ ನಾಲ್ಕು ಗಂಟೆಗೆ ಇಡ್ಲಿಯ ಹಬೆ ಏಳುವಾಗ ದವಡೆಗೆ ಸೇರಿದ ಕಡ್ಡಿ ರಾತ್ರಿ ಪಾತ್ರೆ ಕವುಚುವವರೆಗೆ ಅಲ್ಲಿಯೇ ಇರುತ್ತಿತ್ತು. ಒಂದು ಸವೆದರೆ ಇನ್ನೊಂದು.

ಎರಡು ವರ್ಷಗಳ ಹಿಂದೆ ಅವರಿಗೆ ರಕ್ತದೊತ್ತಡ ಇದೆಯೆಂದು ತಿಳಿಯಿತು. ಒಂದು ಗುಳಿಗೆ ಕೊಟ್ಟರು, ಇಳಿಯಲಿಲ್ಲ. ಎರಡಾಯಿತು, ಮೂರಾಯಿತು, ಆದರೂ 176ಕ್ಕೆ 104. “ಇಷ್ಟು ತಿಂದೂ ಇಳಿಯದ ಮೇಲೆ ತಿನ್ನುವುದೇಕೆ?” ಎಂದು ಎರಡು ಸಲ ತಾವಾಗಿಯೇ ಎಲ್ಲವನ್ನೂ ಬಿಟ್ಟದ್ದೂ ಉಂಟು. ಹೀಗಿರಲು ಮೀನಖಂಡದಲ್ಲಿ ಸೆಳೆತ, ಪಾದಗಳಲ್ಲಿ ಬಾವು ಕಾಣಿಸಿಕೊಂಡವು. ಇಡ್ಲಿಯ ಪಾತ್ರೆ ಎತ್ತಲು ಹೋದರೆ ತೋಳುಗಳಲ್ಲಿ ಬಲವಿಲ್ಲ. ಊರಿನಿಂದ ಮನೆಯವರು ಹರಕೆ ಹೊತ್ತರು. ಕೊನೆಗೆ ಒಂದು ಸರಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಪೊಟಾಸಿಯಮ್ ಎಂಬ ಲವಣಾಂಶ 2.8ಕ್ಕೆ ಇಳಿದಿತ್ತು, ಅದು 3.5ಕ್ಕಿಂತ ಕೆಳಗಿರಕೂಡದು. ಅಲ್ಲಿಯ ತರುಣಿ ವೈದ್ಯೆ ಕಾಗದವನ್ನೊಮ್ಮೆ, ಭಟ್ಟರ ಮುಖವನ್ನೊಮ್ಮೆ ನೋಡಿ, “ಬಾಯಲ್ಲಿ ಏನಿದೆ, ತೆಗೆಯಿರಿ” ಎಂದರಂತೆ. ತಂಬಾಕು ಇರಬಹುದೆಂದು ಆಕೆಯ ಊಹೆ. ಹೊರಬಂದದ್ದು ಜೇಷ್ಠಮಧುವಿನ ಕಡ್ಡಿ. ಅದನ್ನು ಕಂಡು ಆ ವೈದ್ಯೆ ಕುರ್ಚಿಯಿಂದ ಎದ್ದೇ ಬಿಟ್ಟರಂತೆ.

ಕಡ್ಡಿ ನಿಂತಿತು. ಕೆಲವು ವಾರ ಕಳೆದ ಮೇಲೆ ಒತ್ತಡ ಇಳಿಯಿತು, ಪೊಟಾಸಿಯಮ್ ಏರಿತು, ಮೂರು ಗುಳಿಗೆಗಳು ಒಂದಕ್ಕೆ ಬಂದವು. “ಬೇರು ತಾನೇ ರಾಯರೇ, ಮದ್ದಲ್ಲವಲ್ಲ! ಬೇರಿನಿಂದ ಬಿ.ಪಿ. ಬರುವುದೆಂದರೆ ಹೇಗೆ?” ಎಂಬುದು ಭಟ್ಟರ ಪ್ರಶ್ನೆ. ಉತ್ತರ ನಮಗೂ ತಿಳಿದಿರಲಿಲ್ಲ. ಎಸ್.ಎಸ್.ಎಲ್.ಸಿ.ಯ ಆಚೆ ನಾವು ಶಾಲೆಯ ಹೊಸ್ತಿಲು ತುಳಿದವರಲ್ಲ. ಆದರೆ ಬಾಟ್ಲಿ ಇಟ್ಟವರು ನಾವು. ಆದುದರಿಂದ ಉತ್ತರ ಹುಡುಕುವ ಹೊಣೆಯೂ ನಮ್ಮದೆಂದು ತಿಳಿದು, ವೈದ್ಯಮಿತ್ರರನ್ನು ಪೀಡಿಸಿ, ಪುಸ್ತಕಗಳನ್ನು ತಿರುವಿ ತಿಳಿದುಕೊಂಡದ್ದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಒಂದು ಮಾತಿನ ಗೊಂದಲವನ್ನು ಬಿಡಿಸಬೇಕು. ನಮ್ಮ ಹೋಟೆಲು ಕಾರ್ಮಿಕರಲ್ಲಿಯೂ ಗುಮಾಸ್ತರಲ್ಲಿಯೂ ಯಾರಿಗೆ ರಕ್ತದೊತ್ತಡ ಬಂದರೂ ಕಾರಣ ಕೇಳಿದರೆ ಬರುವ ಉತ್ತರ ಒಂದೇ: “ಟೆನ್ಷನ್”. ಇಂಗ್ಲಿಷಿನಲ್ಲಿ ಈ ರೋಗದ ಹೆಸರೇ ಹೈಪರ್‌ಟೆನ್ಷನ್ ಆಗಿರುವುದರಿಂದ ಈ ಭ್ರಮೆ ಹುಟ್ಟಿದೆ. ಆ ಹೆಸರಿನ ಟೆನ್ಷನ್ ರಕ್ತನಾಳಗಳ ಬಿಗಿತವೇ ಹೊರತು ಮನಸ್ಸಿನ ಚಿಂತೆಯಲ್ಲ. ಕನ್ನಡದಲ್ಲಿಯೂ ರಕ್ತದ ಒತ್ತಡ, ಮನಸ್ಸಿನ ಒತ್ತಡ ಎಂದು ಎರಡಕ್ಕೂ ಒಂದೇ ಮಾತು ಬಳಸಿ ನಾವು ಗಂಟನ್ನು ಇನ್ನಷ್ಟು ಬಿಗಿದುಕೊಂಡಿದ್ದೇವೆ. ಶಾಂತಸ್ವಭಾವದ ಮನುಷ್ಯನಿಗೂ ರಕ್ತದೊತ್ತಡ ಬರುವುದುಂಟು. ದಿನವಿಡೀ ಕೂಗಾಡುವ ಮೇನೇಜರನಿಗೆ ಬಾರದಿರುವುದೂ ಉಂಟು. ವಯಸ್ಸು, ವಂಶ, ದೇಹದ ತೂಕ, ಉಪ್ಪು, ಮದ್ಯ ಇವೆಲ್ಲಕ್ಕೂ ಇದರಲ್ಲಿ ಪಾಲುಂಟು.

ಹಾಗಾದರೆ ಮನಸ್ಸಿಗೂ ರಕ್ತದೊತ್ತಡಕ್ಕೂ ಸಂಬಂಧವೇ ಇಲ್ಲವೆ? ಇದೆ. ಆದರೆ ಅದು ನೇರವಾದ ದಾರಿಯಲ್ಲ. ದೇಹದೊಳಗೆ ತಯಾರಾಗುವ ಕೆಲವು ರಸಗಳ ಮೂಲಕ ಸಾಗುವ ದಾರಿ. ಅಮೆರಿಕದಲ್ಲಿ 412 ಮಂದಿ ರಕ್ತದೊತ್ತಡವಿಲ್ಲದ ವಯಸ್ಕರ ಮೂತ್ರದಲ್ಲಿ ಈ ರಸಗಳನ್ನು ಅಳೆದು, ಹಲವು ವರ್ಷ ಅವರನ್ನು ಗಮನಿಸುತ್ತ ಬಂದವರು 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ರಸಗಳ ಮಟ್ಟ ಇಮ್ಮಡಿಯಾದಂತೆ ಮುಂದೆ ರಕ್ತದೊತ್ತಡ ಬರುವ ಸಂಭವ ನೂರಕ್ಕೆ 21ರಿಂದ 31ರಷ್ಟು ಹೆಚ್ಚಿತೆಂದು ಕಂಡುಬಂತು. ಜೊತೆಯಲ್ಲಿ ಕಂಡುದೆಲ್ಲ ಕಾರಣವೆಂದು ಹೇಳುವಂತಿಲ್ಲ. ಆದರೂ ಅಲಕ್ಷಿಸುವ ಮಾತಲ್ಲ.

ಈ ರಸಗಳು ಹುಟ್ಟುವ ಮುಖ್ಯ ಸ್ಥಾನ ಅಡ್ರೀನಲ್ ಗ್ರಂಥಿ. ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಿಟ್ಟಂತೆ ಒಂದೊಂದು ಕುಳಿತಿದೆ. ಅದರ ತಿರುಳಿನಿಂದ ಬರುವುದು ಅಡ್ರಿನಲಿನ್. ಅದರ ತಮ್ಮನಂತಿರುವ ನಾರ್‌ಅಡ್ರಿನಲಿನ್ ಹೆಚ್ಚಾಗಿ ನರಗಳ ತುದಿಯಲ್ಲಿ ಹುಟ್ಟುತ್ತದೆ. ಗ್ರಂಥಿಯ ಸಿಪ್ಪೆಯಿಂದ ಬರುವವು ಕಾರ್ಟಿಸೋಲ್ ಮತ್ತು ಆಲ್ಡೋಸ್ಟೆರೋನ್. ಮೊದಲ ಜೋಡಿ ಅವಸರದ ಜಾತಿ. ಮಧ್ಯಾಹ್ನ ಒಂದು ಗಂಟೆಯ ಗದ್ದಲದಲ್ಲಿ ಗಿರಾಕಿ ತಟ್ಟೆ ತಳ್ಳಿ ಬೈದರೆ ಸಪ್ಲೈಯರನ ಎದೆ ಹೊಡೆದುಕೊಳ್ಳುವುದು ಇವುಗಳಿಂದ. ನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಏಕೆ ಇಳಿಯುತ್ತದೆ? ಗಿರಾಕಿ ಹೋದನೆಂದಲ್ಲ, ರಕ್ತದಲ್ಲಿ ಸೇರಿದ ಅಡ್ರಿನಲಿನ್ನನ್ನು ದೇಹ ಒಡನೆಯೇ ವಿಲೇವಾರಿ ಮಾಡುತ್ತದೆಂದು. ಕಿಣ್ವಗಳೆಂಬ ರಾಸಾಯನಿಕ ಕೆಲಸಗಾರರು ಅದನ್ನು ಒಡೆದು ನಿಸ್ಸಾರ ಮಾಡುತ್ತಾರೆ. ನರದ ತುದಿಗಳು ನಾರ್‌ಅಡ್ರಿನಲಿನ್ನನ್ನು ಮರಳಿ ಹೀರಿ ತಮ್ಮ ಚೀಲಗಳಲ್ಲಿ ತುಂಬಿಟ್ಟುಕೊಳ್ಳುತ್ತವೆ. ಈ ರಹಸ್ಯಗಳನ್ನು ಬಿಡಿಸಿದ ಜೂಲಿಯಸ್ ಆಕ್ಸೆಲ್‌ರಾಡ್, ಉಲ್ಫ್ ವಾನ್ ಆಯ್ಲರ್, ಬರ್ನಾರ್ಡ್ ಕಾಟ್ಸ್ ಎಂಬ ಮೂವರಿಗೆ 1970ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಹೋಟೆಲು ನಡೆಸಿದವರಿಗೆ ಇದು ಬೇಗ ಅರ್ಥವಾಗುವ ಸಂಗತಿ. ಅಡಿಗೆ ಎಷ್ಟು ಚುರುಕಾದರೂ ಮೇಜು ಒರೆಸುವ ಹುಡುಗ ಬಾರದಿದ್ದರೆ ಹೋಟೆಲು ನಿಲ್ಲುತ್ತದೆ. ದೇಹದಲ್ಲಿಯೂ ರಸ ಎಷ್ಟು ತಯಾರಾಯಿತು ಎಂಬುದೊಂದೇ ಲೆಕ್ಕವಲ್ಲ. ತಯಾರಾದದ್ದು ಹೇಗೆ ತೆರವಾಯಿತು ಎಂಬುದೂ ಅಷ್ಟೇ ದೊಡ್ಡ ಲೆಕ್ಕ. ನಮ್ಮ ಭಟ್ಟರ ಕಥೆ ಇರುವುದು ಈ ಎರಡನೆಯ ಲೆಕ್ಕದಲ್ಲಿ.

ಕಾರ್ಟಿಸೋಲ್ ನಿಧಾನದ ಜಾತಿ. ನಾವು ಎಚ್ಚರಗೊಳ್ಳುವ ಹೊತ್ತಿಗೆ ರಕ್ತದಲ್ಲಿ ಅತಿ ಹೆಚ್ಚು, ನಡುರಾತ್ರಿಗೆ ಅತಿ ಕಡಿಮೆ. ಕಷ್ಟ, ಕಾಯಿಲೆ, ಉಪವಾಸ ಬಂದಾಗ ಇನ್ನೂ ಹೆಚ್ಚು. ಇದಿಲ್ಲದೆ ಜೀವ ನಿಲ್ಲದು. ಆಲ್ಡೋಸ್ಟೆರೋನಿನ ಕೆಲಸ ಬೇರೆ: ಅದು ಮೂತ್ರಪಿಂಡಕ್ಕೆ ಹೋಗಿ “ಉಪ್ಪನ್ನು ಹೊರಬಿಡಬೇಡ, ಉಳಿಸಿಕೋ, ಅದರ ಬದಲು ಪೊಟಾಸಿಯಮ್ ಬಿಡು” ಎಂದು ಆಜ್ಞೆ ಮಾಡುತ್ತದೆ. ಉಪ್ಪು ಉಳಿದರೆ ನೀರು ಉಳಿಯುತ್ತದೆ. ನೀರು ಉಳಿದರೆ ಒತ್ತಡ ಏರುತ್ತದೆ. 1953ರಲ್ಲಿ ಲಂಡನ್ನಿನ ಸಿಂಪ್ಸನ್ ಮತ್ತು ಟೇಟ್ ಎಂಬವರು, ಸ್ವಿಟ್ಸರ್ಲೆಂಡಿನ ರೈಕ್‌ಸ್ಟೀನರೊಡನೆ ಕೂಡಿ ಈ ವಸ್ತುವನ್ನು ಬೇರ್ಪಡಿಸಿದರು. ಎರಡೇ ವರ್ಷಗಳಲ್ಲಿ ಅಮೆರಿಕದ ಮಿಷಿಗನ್ನಿನ ವೈದ್ಯ ಜೆರೋಮ್ ಕಾನ್, ಅಡ್ರೀನಲ್‌ನಲ್ಲಿ ಒಂದು ಗಂಟು ಬೆಳೆದು ಆಲ್ಡೋಸ್ಟೆರೋನ್ ಹೆಚ್ಚಾದರೆ ರಕ್ತದೊತ್ತಡ ಏರಿ, ಸ್ನಾಯು ಸೋಲುತ್ತದೆಂದು ತೋರಿಸಿದರು. ಭಟ್ಟರಿಗೆ ಆದದ್ದು ಪೂರ್ತಿ ಇದೇ ಚಿತ್ರ. ಆದರೆ ಅವರ ಗ್ರಂಥಿಯಲ್ಲಿ ಗಂಟಿರಲಿಲ್ಲ. ರಕ್ತದಲ್ಲಿ ಆಲ್ಡೋಸ್ಟೆರೋನ್ ಹೆಚ್ಚಿರುವ ಬದಲು ತೀರ ಕಡಿಮೆ ಇತ್ತು.

ಈ ಒಗಟಿನ ಮೊದಲ ಎಳೆ ಸಿಕ್ಕಿದ್ದು ಹಾಲೆಂಡಿನಲ್ಲಿ. ಅಲ್ಲಿಯ ಜನ ಜೇಷ್ಠಮಧುವಿನ ಕಪ್ಪು ಮಿಠಾಯಿಯನ್ನು ನಮ್ಮವರು ಕಡಲೆ ಮೆಲ್ಲುವಂತೆ ಮೆಲ್ಲುತ್ತಾರೆ. ಜಠರದ ಹುಣ್ಣಿಗೆ ಜೇಷ್ಠಮಧುವಿನ ಸತ್ತ್ವ ಕೊಡುತ್ತಿದ್ದ ರೆವರ್ಸ್ ಎಂಬ ವೈದ್ಯರು 1946ರಲ್ಲಿ, ಹುಣ್ಣು ವಾಸಿಯಾದರೂ ಕೆಲವರ ಮುಖ ಮತ್ತು ಕೈಕಾಲುಗಳಲ್ಲಿ ಬಾವು ಬರುವುದನ್ನು ಬರೆದಿಟ್ಟರು. ಅದೇ ದೇಶದ ಇತರ ವೈದ್ಯರು ಈ ಬೇರು ಅಡ್ರೀನಲ್ ರಸದಂತೆಯೇ ಉಪ್ಪನ್ನು ಹಿಡಿದಿಡುತ್ತದೆಂದು ಕಂಡುಕೊಂಡು, ಅಡ್ರೀನಲ್ ಗ್ರಂಥಿ ನಾಶವಾಗಿದ್ದ ರೋಗಿಗಳಿಗೆ ಕೊಟ್ಟು ನೋಡಿದರು. ಇಲ್ಲಿ ಒಂದು ಸೋಜಿಗ ನಡೆಯಿತು. ಗ್ರಂಥಿ ಪೂರ್ತಿ ಸತ್ತವರಿಗೆ ಬೇರು ಏನನ್ನೂ ಮಾಡಲಿಲ್ಲ. ಅವರಿಗೆ ಕಾರ್ಟಿಸೋನ್ ಗುಳಿಗೆಯನ್ನೂ ಜೊತೆಗೆ ಕೊಟ್ಟಾಗ ಮಾತ್ರ ಕೆಲಸ ಮಾಡಿತು. 1953ರಲ್ಲಿ ಇದು ಪ್ರಕಟವಾಯಿತು. ಅಂದರೆ ಬೇರು ತಾನೇ ಯಜಮಾನನಲ್ಲ. ಯಜಮಾನನೊಬ್ಬ ಮನೆಯಲ್ಲಿದ್ದರೆ ಅವನಿಗೆ ಕುಮ್ಮಕ್ಕು ಕೊಡುವ ಆಳು. ಉತ್ತರ ಆಗಲೇ ಕಣ್ಣೆದುರಿಗಿತ್ತೆಂದು ನಮಗೆ ತೋರುತ್ತದೆ. ಆದರೆ ಅದನ್ನು ಓದಲು ಇನ್ನು 35 ವರ್ಷ ಹಿಡಿಯಿತು.

ನಡುವೆ ಇನ್ನೊಂದು ಎಳೆ ಸಿಕ್ಕಿತು. ಎಳೆಯ ಮಕ್ಕಳಲ್ಲಿ ಅಪರೂಪವಾಗಿ ಭಯಂಕರ ರಕ್ತದೊತ್ತಡ ಕಾಣುತ್ತಿತ್ತು. ಪೊಟಾಸಿಯಮ್ ಕಡಿಮೆ, ಆಲ್ಡೋಸ್ಟೆರೋನ್ ಇಲ್ಲವೆಂಬಷ್ಟು ಕಡಿಮೆ. ಆ ಮಕ್ಕಳು ಯಾವ ಬೇರನ್ನೂ ಅಗಿದವರಲ್ಲ. ನ್ಯೂಯಾರ್ಕಿನಲ್ಲಿ ಮಾರಿಯಾ ನ್ಯೂ, ಸ್ಟಾನ್ಲಿ ಉಲಿಕ್ ಮೊದಲಾದವರು 1970ರ ದಶಕದ ಕೊನೆಯಲ್ಲಿ ಅವರ ಮೂತ್ರವನ್ನು ಶೋಧಿಸಿದಾಗ, ಕಾರ್ಟಿಸೋಲ್ ಎಂಬುದು ಕಾರ್ಟಿಸೋನ್ ಆಗಿ ಮಾರ್ಪಡುವ ಕ್ರಿಯೆಯೇ ಅವರಲ್ಲಿ ಕೆಟ್ಟಿದೆಯೆಂದು ತಿಳಿಯಿತು.

ಕೊನೆಯ ಗಂಟು ಬಿಚ್ಚಿದ್ದು 1987–88ರಲ್ಲಿ. ಮೂತ್ರಪಿಂಡದ ಕಣಗಳಲ್ಲಿ ಆಲ್ಡೋಸ್ಟೆರೋನಿನ ಆಜ್ಞೆಯನ್ನು ಸ್ವೀಕರಿಸುವ ಒಂದು ಗ್ರಾಹಕವಿದೆ. ಅದನ್ನು ಬೇರ್ಪಡಿಸಿ ನೋಡಿದರೆ ಅದು ಕಾರ್ಟಿಸೋಲನ್ನೂ ಅಷ್ಟೇ ಪ್ರೀತಿಯಿಂದ ಸ್ವೀಕರಿಸುತ್ತದೆ! ರಕ್ತದಲ್ಲಿಯೋ ಆಲ್ಡೋಸ್ಟೆರೋನಿಗಿಂತ ಕಾರ್ಟಿಸೋಲ್ ನೂರಾರು ಪಟ್ಟು ಹೆಚ್ಚು. ಹಾಗಿದ್ದರೆ ನಾವೆಲ್ಲರೂ ಹುಟ್ಟಿದಂದಿನಿಂದಲೇ ಉಪ್ಪು ತುಂಬಿ ಬಾತುಕೊಂಡಿರಬೇಕಿತ್ತು. ಹಾಗಾಗದಂತೆ ಕಾಯುವವರು ಯಾರು? ಎಡಿನ್‌ಬರೋದ ಎಡ್ವರ್ಡ್ಸ್, ಸ್ಟುವರ್ಟ್ ಮತ್ತು ಸಂಗಡಿಗರು, ಮೆಲ್ಬರ್ನಿನ ಜಾನ್ ಫಂಡರ್ ಮತ್ತು ಸಂಗಡಿಗರು, ಪ್ರತ್ಯೇಕವಾಗಿ ದುಡಿದು ಒಂದೇ ಉತ್ತರಕ್ಕೆ ಬಂದರು.

ಅದನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ಅಡಿಗೆಮನೆಯ ಕಿಟಕಿಯಲ್ಲಿ ಕೂಪನ್ ಕೊಟ್ಟರೆ ತಿಂಡಿ ಕೊಡುವ ಪದ್ಧತಿ ಇದೆಯೆಂದಿಟ್ಟುಕೊಳ್ಳೋಣ. ಆಲ್ಡೋಸ್ಟೆರೋನ್ ನಿಜವಾದ ಕೂಪನ್. ಕಾರ್ಟಿಸೋಲ್ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಚೀಟಿ. ಬೇರೆ ಕಡೆಗಳಲ್ಲಿ ಅದಕ್ಕೆ ಬೆಲೆಯುಂಟು, ಈ ಕಿಟಕಿಯಲ್ಲಿ ಇಲ್ಲ. ಒಳಗಿನವನಿಗೆ ವ್ಯತ್ಯಾಸ ತಿಳಿಯದು. ಆದುದರಿಂದ ಕಿಟಕಿಯ ಪಕ್ಕದಲ್ಲಿಯೇ ಒಬ್ಬ ಗುಮಾಸ್ತನನ್ನು ನಿಲ್ಲಿಸಿದ್ದಾರೆ. ಬಂದ ಪ್ರತಿಯೊಂದು ಕಾರ್ಟಿಸೋಲ್ ಚೀಟಿಯ ಮೇಲೂ ಆತ ‘ರದ್ದು’ ಎಂದು ಮುದ್ರೆ ಹೊಡೆಯುತ್ತಾನೆ. ಮುದ್ರೆ ಬಿದ್ದ ಆ ಚೀಟಿಯೇ ಕಾರ್ಟಿಸೋನ್. ಅದಕ್ಕೆ ಒಳಗಿನವನು ಏನನ್ನೂ ಕೊಡನು. ಆ ಗುಮಾಸ್ತನ ಹೆಸರು ಬಾಯಿಗೆ ಹೊರಳದಷ್ಟು ಉದ್ದ: ಹನ್ನೊಂದು ಬೀಟಾ ಹೈಡ್ರಾಕ್ಸಿಸ್ಟೀರಾಯ್ಡ್ ಡೀಹೈಡ್ರೋಜಿನೇಸ್, ಎರಡನೆಯ ಬಗೆ. ಜೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಸಿನ್ ಎಂಬ ಅಂಶ ದೇಹ ಸೇರಿ ಈ ಗುಮಾಸ್ತನ ಕೈ ಹಿಡಿದುಬಿಡುತ್ತದೆ. ಮುದ್ರೆ ಬೀಳುವುದಿಲ್ಲ. ಕಾರ್ಟಿಸೋಲ್ ಚೀಟಿಗಳೆಲ್ಲ ಕಿಟಕಿಗೆ ನುಗ್ಗುತ್ತವೆ. ಮೂತ್ರಪಿಂಡ ಉಪ್ಪು ಹಿಡಿಯುತ್ತಲೇ ಇರುತ್ತದೆ. ಆ ಮಕ್ಕಳಲ್ಲಿಯೋ ಗುಮಾಸ್ತನೇ ಹುಟ್ಟಿರಲಿಲ್ಲ. ಆ ಕಿಣ್ವದ ವಂಶವಾಹಿಯಲ್ಲಿಯೇ ದೋಷವಿದೆಯೆಂದು 1995ರಲ್ಲಿ ಖಚಿತವಾಯಿತು.

ಭಟ್ಟರು ಮೂರು ಗುಳಿಗೆ ತಿಂದರೂ ಒತ್ತಡ ಇಳಿಯದಿದ್ದುದಕ್ಕೆ ಇದೇ ಕಾರಣ. ಗುಳಿಗೆಗಳು ಒಂದು ಕಡೆಯಿಂದ ನೀರು ಮೊಗೆಯುತ್ತಿದ್ದವು. ಕಡ್ಡಿ ಇನ್ನೊಂದು ಕಡೆಯಿಂದ ನಲ್ಲಿ ತೆರೆದಿಟ್ಟಿತ್ತು. ಅವರಿಗೆ ಕೊಟ್ಟಿದ್ದ ಮೂತ್ರ ಹೆಚ್ಚಿಸುವ ಗುಳಿಗೆಗೂ ಪೊಟಾಸಿಯಮ್ ಕಳೆಯುವ ಗುಣವುಂಟು. ಹೀಗಾಗಿ ನಷ್ಟ ಇಮ್ಮಡಿಯಾಯಿತು. ಪೊಟಾಸಿಯಮ್ ಇನ್ನೂ ಇಳಿದಿದ್ದರೆ ಹೃದಯದ ಬಡಿತವೇ ತಾಳ ತಪ್ಪುತ್ತಿತ್ತೆಂದು ವೈದ್ಯಮಿತ್ರರು ಹೇಳಿದಾಗ ನಮಗೆ ಆ ರಾತ್ರಿ ಚೆನ್ನಾಗಿ ನಿದ್ರೆ ಬರಲಿಲ್ಲ.

ಎಷ್ಟು ತಿಂದರೆ ಕೇಡು? ಐರೋಪ್ಯ ತಜ್ಞರ ಸಮಿತಿ 2003ರಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಸಿನ್ ದಾಟಬಾರದೆಂದು ಹೇಳಿತು. 2024ರಲ್ಲಿ ಸ್ವೀಡನ್ನಿನಲ್ಲಿ 28 ಮಂದಿ ಆರೋಗ್ಯವಂತ ತರುಣರಿಗೆ ಅಷ್ಟೇ ಪ್ರಮಾಣ ಕೊಟ್ಟು ನೋಡಿದಾಗ ಒತ್ತಡ ಸರಾಸರಿ ಸುಮಾರು 3 ಮಿಲಿಮೀಟರಿನಷ್ಟು ಏರಿತು. ಕೆಲವರಿಗೆ ಹೆಚ್ಚು ಏರಿತು. ಬೇರಿನಲ್ಲಿ ಈ ಅಂಶ ಒಂದೊಂದು ಸರಕಿನಲ್ಲಿ ಒಂದೊಂದು ತೆರನಾಗಿರುವುದರಿಂದ ಇಷ್ಟು ಕಡ್ಡಿ ಎಂದು ಹೇಳುವಂತಿಲ್ಲ. ಆರೋಗ್ಯವಂತನೊಬ್ಬ ಕೆಮ್ಮಿಗೆ ಒಂದೆರಡು ದಿನ ಚೂರು ಅಗಿದರೆ ಆಕಾಶ ಬೀಳದು. ಆದರೆ ರಕ್ತದೊತ್ತಡವಿದ್ದವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ಇದನ್ನು ವೈದ್ಯರನ್ನು ಕೇಳದೆ ಬಾಯಿಗಿಡಬಾರದು. ನಮ್ಮವರು ಇದನ್ನು ಅತಿಮಧುರ, ಯಷ್ಟಿಮಧು ಎಂದೂ, ಇಲ್ಲಿಯ ಅಂಗಡಿಗಳಲ್ಲಿ ಮುಲೇಠಿ ಎಂದೂ ಕರೆಯುತ್ತಾರೆ. ಕಷಾಯ, ಕೆಮ್ಮಿನ ಗುಳಿಗೆ, ಬೀಡಾ, ಎಲ್ಲಿ ಬೇಕಾದರೂ ಅಡಗಿರುತ್ತದೆ. ಬಿಟ್ಟ ಮಾತ್ರಕ್ಕೆ ಮರುದಿನವೇ ಗುಣ ಕಾಣದು. ಗುಮಾಸ್ತ ಚೇತರಿಸಿಕೊಳ್ಳಲು ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು.

ಇದೇ ಕಿಟಕಿಯನ್ನು ಮುಚ್ಚುವ ಮದ್ದೂ ಇದೆ. ಸ್ಪೈರೊನೊಲ್ಯಾಕ್ಟೋನ್ ಎಂಬುದು 1950ರ ದಶಕದ ಕೊನೆಯಲ್ಲಿ ಬಂದದ್ದು. ಅದು ಗ್ರಾಹಕದ ಬಾಯಿಗೆ ತಾನೇ ಅಡ್ಡ ಕುಳಿತು, ಯಾವ ಚೀಟಿಯನ್ನೂ ಒಳಗೆ ಬಿಡುವುದಿಲ್ಲ. ಹಳೆಯ ಮದ್ದೆಂದು ಮೂಲೆಗೆ ಸೇರಿದ್ದ ಇದನ್ನು ಬ್ರಿಟನ್ನಿನ ವೈದ್ಯರು, ಮೂರು ಗುಳಿಗೆಗೂ ಬಗ್ಗದ ರೋಗಿಗಳಲ್ಲಿ ಇತರ ಮದ್ದುಗಳೊಡನೆ ಹೋಲಿಸಿ ನೋಡಿದರು. ಇದೇ ಎಲ್ಲಕ್ಕಿಂತ ಹೆಚ್ಚು ಇಳಿಸಿತೆಂದು 2015ರಲ್ಲಿ ಪ್ರಕಟವಾಯಿತು. ಇದು ಪೊಟಾಸಿಯಮ್ಮನ್ನು ಏರಿಸುವ ಮದ್ದಾದುದರಿಂದ ರಕ್ತ ಪರೀಕ್ಷೆ ಬಿಡುವಂತಿಲ್ಲ. ಆಲ್ಡೋಸ್ಟೆರೋನ್ ತಯಾರಾಗುವುದನ್ನೇ ತಡೆಯುವ ಮದ್ದು ಮಾಡಬಾರದೇ ಎಂದು ಬಹುಕಾಲದಿಂದ ಯತ್ನ ನಡೆದಿತ್ತು. ಅದನ್ನು ತಯಾರಿಸುವ ಕಿಣ್ವವೂ ಕಾರ್ಟಿಸೋಲ್ ತಯಾರಿಸುವ ಕಿಣ್ವವೂ ನೂರಕ್ಕೆ 93ರಷ್ಟು ಒಂದೇ ರೂಪದ ಅವಳಿಗಳು. ಒಂದನ್ನು ಹೊಡೆಯಹೋದರೆ ಇನ್ನೊಂದಕ್ಕೂ ಏಟು ಬೀಳುತ್ತಿತ್ತು. ಬ್ಯಾಕ್ಸ್‌ಡ್ರೊಸ್ಟಾಟ್ ಎಂಬ ಹೊಸ ಮದ್ದು ಈ ಅವಳಿಗಳನ್ನು ಗುರುತಿಸಬಲ್ಲದೆಂದು 2025ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಭರವಸೆ ಕೊಟ್ಟಿದೆ.

ಇನ್ನು ಎರಡನೆಯ ಬೇರಿನ ಮಾತು. ಭಟ್ಟರಿಗೆ ನಾವು ಇದನ್ನು ಹೇಳಿದಾಗ ಅವರ ಮುಖ ಅರಳಿತು. ಏಕೆಂದರೆ ಕಥೆ ನಡೆದದ್ದು ಇದೇ ಮುಂಬಯಿಯಲ್ಲಿ. ಸರ್ಪಗಂಧವೆಂಬ ಬೇರನ್ನು ನಮ್ಮ ದೇಶದ ವೈದ್ಯರು ಹುಚ್ಚಿಗೂ ನಿದ್ರಾಹೀನತೆಗೂ ಬಹುಕಾಲದಿಂದ ಕೊಡುತ್ತಿದ್ದರು. ಅದು ರಕ್ತದೊತ್ತಡವನ್ನೂ ಇಳಿಸುವುದೆಂದು ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಬರೆದರು. ಹೊರದೇಶದವರು ಕಿವಿಗೊಡಲಿಲ್ಲ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 50 ಮಂದಿ ರೋಗಿಗಳಿಗೆ ಈ ಬೇರಿನ ಗುಳಿಗೆ ಕೊಟ್ಟು, ಅಳೆದು, ಲೆಕ್ಕವಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಎಚ್ಚತ್ತಿತು. ರಕ್ತದೊತ್ತಡಕ್ಕೆ ನೆಚ್ಚಿಕೆಯ ಗುಳಿಗೆಯೇ ಇಲ್ಲದಿದ್ದ ಕಾಲವದು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಕಂಪೆನಿಯವರು ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ನಮ್ಮ ಹೋಟೆಲುಗಳ ಬೀದಿಗಳಿಂದ ಕೂಗಳತೆಯಲ್ಲಿ ನಡೆದ ಈ ಕೆಲಸವನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ನಾವಂತೂ ಈ ತಿಂಗಳವರೆಗೆ ಬಲ್ಲವರಾಗಿರಲಿಲ್ಲ.

ರಿಸರ್ಪಿನ್ ಕೆಲಸ ಮಾಡುವ ಬಗೆಯೂ ವಿಲೇವಾರಿಯ ಲೆಕ್ಕವೇ. ನರದ ತುದಿ ನಾರ್‌ಅಡ್ರಿನಲಿನ್ನನ್ನು ಚೀಲಗಳಲ್ಲಿ ತುಂಬಿಡುತ್ತದೆಂದು ಮೇಲೆ ಹೇಳಿದೆವಷ್ಟೆ. ರಿಸರ್ಪಿನ್ ಆ ಚೀಲಗಳ ಬಾಯಿ ಕಟ್ಟುತ್ತದೆ. ಹೊರಗುಳಿದ ನಾರ್‌ಅಡ್ರಿನಲಿನ್ನನ್ನು ಅಲ್ಲಿಯ ಕಿಣ್ವಗಳು ತಿಂದುಹಾಕುತ್ತವೆ, ಉಗ್ರಾಣ ಬರಿದಾಗುತ್ತದೆ, ನಾಳಗಳು ಸಡಿಲವಾಗುತ್ತವೆ. ಆದರೆ ಅದೇ ಉಗ್ರಾಣಗಳು ಮಿದುಳಿನಲ್ಲಿಯೂ ಇವೆ. ಹೆಚ್ಚು ಪ್ರಮಾಣದಲ್ಲಿ ತಿಂದವರಲ್ಲಿ ಕೆಲವರು ಮಂಕಾಗಿ, ಖಿನ್ನರಾಗಿ ಕುಳಿತರೆಂದು ಆಗಿನ ವೈದ್ಯರು ಬರೆದಿಟ್ಟಿದ್ದಾರೆ. ಮೂಗು ಕಟ್ಟುವುದಂತೂ ಸಾಮಾನ್ಯ. ಆದುದರಿಂದ ಇಂದು ಅದು ಮೊದಲ ಸಾಲಿನ ಮದ್ದಲ್ಲ. ಯಾರೂ ಸರ್ಪಗಂಧದ ಬೇರನ್ನು ತಂದು ಮನೆಯಲ್ಲಿ ಅರೆದು ಕುಡಿಯಕೂಡದು. ಒಂದು ಬೇರು ಏರಿಸಿತು, ಇನ್ನೊಂದು ಇಳಿಸಿತು. ಎರಡೂ ಬೇರುಗಳೇ, ಎರಡೂ ಮದ್ದುಗಳೇ. “ಬೇರು ತಾನೇ” ಎಂಬ ಭಟ್ಟರ ಮಾತಿಗೆ ಇದು ಉತ್ತರವೆಂದು ತಿಳಿಯುತ್ತೇವೆ.

1960ರ ದಶಕದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಬೇರೆ ದಾರಿ ಹಿಡಿದರು. ಉಗ್ರಾಣವನ್ನು ಬರಿದು ಮಾಡುವುದೇಕೆ, ಅಡ್ರಿನಲಿನ್ ಬಂದು ತಟ್ಟುವ ಹೃದಯದ ಬಾಗಿಲಿಗೆ ಅಗುಳಿ ಹಾಕಿದರೆ ಸಾಲದೇ ಎಂಬುದು ಅವರ ವಿಚಾರ. ಹಾಗೆ ಹುಟ್ಟಿದ್ದು ಪ್ರೊಪ್ರನೊಲಾಲ್. ಅದರ ವಂಶದವೇ ಅಟೆನೊಲಾಲ್, ಮೆಟೊಪ್ರೊಲಾಲ್ ಮೊದಲಾದವು. 1988ರಲ್ಲಿ ಅವರಿಗೂ ನೊಬೆಲ್ ದೊರೆಯಿತು. ಈ ಗುಳಿಗೆಗಳ ವಿಷಯದಲ್ಲಿ ಒಂದು ಮಾತನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕೆಂದು ನಮ್ಮ ಆಸೆ. ಅಗುಳಿ ಹಾಕಿದ ಬಾಗಿಲಿನ ಹೊರಗೆ ದೇಹ ಸುಮ್ಮನೆ ಕೂರುವುದಿಲ್ಲ. ಇನ್ನಷ್ಟು ಬಾಗಿಲುಗಳನ್ನು ತೆರೆದುಕೊಳ್ಳುತ್ತದೆ. ಊರಿಗೆ ಹೋಗುವ ಗಡಿಬಿಡಿಯಲ್ಲಿ ಗುಳಿಗೆಯ ಡಬ್ಬಿ ಮರೆತು ಥಟ್ಟನೆ ನಿಲ್ಲಿಸಿದರೆ ಅಡ್ರಿನಲಿನ್ ಎಲ್ಲ ಬಾಗಿಲುಗಳಿಂದ ಒಮ್ಮೆಗೇ ನುಗ್ಗುವುದು. ಹೃದ್ರೋಗವಿದ್ದವರಿಗೆ ಇದರಿಂದ ಪ್ರಾಣಾಪಾಯವೂ ಉಂಟು. ಕ್ಲೊನಿಡಿನ್ ಎಂಬ ಗುಳಿಗೆಯನ್ನು ಹೀಗೆ ನಿಲ್ಲಿಸಿದರೆ ಒಂದೆರಡು ದಿನಗಳೊಳಗೆ ಒತ್ತಡ ಮೊದಲಿಗಿಂತ ಮೇಲಕ್ಕೆ ಜಿಗಿಯುವುದುಂಟು. ಭಟ್ಟರು ಎರಡು ಸಲ ತಾವಾಗಿ ಬಿಟ್ಟವರು. ಅವರ ಗುಳಿಗೆಗಳಲ್ಲಿ ಇವೆರಡೂ ಇರಲಿಲ್ಲವೆಂಬುದು ಅವರ ಅದೃಷ್ಟ.

ಕಾರ್ಟಿಸೋನಿನ ವಿಷಯವಾಗಿ ಒಂದು ಎಚ್ಚರಿಕೆ ಉಳಿದಿದೆ. 1948ರಲ್ಲಿ ಅಮೆರಿಕದ ಮೇಯೋ ಆಸ್ಪತ್ರೆಯಲ್ಲಿ ಫಿಲಿಪ್ ಹೆಂಚ್, ಕೀಲುವಾತದಿಂದ ಹಾಸಿಗೆ ಹಿಡಿದ ಹೆಂಗಸೊಬ್ಬಳಿಗೆ ಇದನ್ನು ಚುಚ್ಚಿದಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. ಎರಡು ವರ್ಷಗಳಲ್ಲಿ ಅವರಿಗೂ ಜೊತೆಗಾರರಿಗೂ ನೊಬೆಲ್ ಬಂತು. ನಾವು ‘ರದ್ದಾದ ಚೀಟಿ’ ಎಂದು ಕರೆದ ವಸ್ತು ಹೇಗೆ ಕೆಲಸ ಮಾಡಿತು? ಯಕೃತ್ತಿನಲ್ಲಿ ಮೊದಲನೆಯ ಬಗೆಯ ಇನ್ನೊಬ್ಬ ಗುಮಾಸ್ತನಿದ್ದಾನೆ. ಆತ ರದ್ದಾದ ಚೀಟಿಯ ಮುದ್ರೆ ಅಳಿಸಿ ಮತ್ತೆ ಚಲಾವಣೆಗೆ ಬಿಡುತ್ತಾನೆ. ಈ ಜಾತಿಯ ಸ್ಟೀರಾಯ್ಡುಗಳು ಹಲವು ರೋಗಗಳಲ್ಲಿ ಜೀವರಕ್ಷಕ. ಆದರೆ ದಿನವಿಡೀ ನಿಂತು ದುಡಿಯುವ ನಮ್ಮ ಹುಡುಗರು ಮಂಡಿನೋವಿಗೆಂದು ಹೆಸರಿಲ್ಲದ ಪುಡಿಗಳನ್ನು, ಕಾಗದದ ಪೊಟ್ಟಣದ ಗುಳಿಗೆಗಳನ್ನು ತಿನ್ನುತ್ತಾರೆ. ಇಂತಹ ಪುಡಿಗಳಲ್ಲಿ ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಬೆರೆಸಿದ್ದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ತಿಂಗಳೊಳಗೆ ಮುಖ ದುಂಡಗಾದರೆ ಸಂಶಯಪಡಿರಿ. ಒತ್ತಡವೂ ಸಕ್ಕರೆಯೂ ಅದರ ಹಿಂದೆಯೇ ಏರುತ್ತವೆ. ಬಹುದಿನ ತಿಂದಿದ್ದರೆ ಥಟ್ಟನೆ ಬಿಡುವುದೂ ಅಪಾಯ. ಅಷ್ಟರಲ್ಲಿ ಸ್ವಂತ ಗ್ರಂಥಿ ಮಲಗಿರುತ್ತದೆ. ಪೊಟ್ಟಣವನ್ನೇ ಹಿಡಿದು ವೈದ್ಯರ ಬಳಿಗೆ ಹೋಗಬೇಕು. ಮೂಗು ಕಟ್ಟಿದಾಗ ಕೊಳ್ಳುವ ಶೀತದ ಗುಳಿಗೆಗಳಲ್ಲಿಯೂ ಅಡ್ರಿನಲಿನ್ನಿನ ದಾಯಾದಿಗಳಿವೆ. ರಕ್ತದೊತ್ತಡವಿದ್ದವರು ಅಂಗಡಿಯವನಿಗೆ ಅದನ್ನು ಹೇಳಿಯೇ ಕೊಳ್ಳುವುದು ಲೇಸು.

ಉಪ್ಪಿನ ವಿಷಯ ಹೇಳದೆ ಇದ್ದರೆ ಹೋಟೆಲಿನವರೆಂದು ಪಕ್ಷಪಾತ ಮಾಡಿದಂತಾದೀತು. ಈ ರಸಗಳೆಲ್ಲ ಹಿಡಿದಿಡುವುದು ನಾವು ತಿಂದ ಉಪ್ಪನ್ನೇ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬೆಳಿಗ್ಗೆ ಚಟ್ನಿ, ಸಾಂಬಾರು, ಮಧ್ಯಾಹ್ನ ಉಪ್ಪಿನಕಾಯಿ, ಹಪ್ಪಳ, ರಾತ್ರಿ ಉಳಿದ ಬೋಂಡ, ಇಷ್ಟರಲ್ಲಿ ಆ ಚಮಚ ಎಂದೋ ದಾಟಿಹೋಗಿರುತ್ತದೆ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ತಿನ್ನುವ ಮದ್ದುಗಳ ಜೊತೆಗೆ ಬೇರು, ಪುಡಿ, ಕಷಾಯ, ಬೀಡಾ ಯಾವುದಿದ್ದರೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರೆಂದು ವಾಚಕರನ್ನು ಕೇಳಿಕೊಳ್ಳುತ್ತೇವೆ. ಎರಡು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ವೈದ್ಯರಿಗೆ ಎಲ್ಲರ ದವಡೆಯನ್ನೂ ಪರೀಕ್ಷಿಸಲು ಸಾಧ್ಯವಿಲ್ಲ. ಭಟ್ಟರಿಗೆ ದೊರೆತಂತಹ ವೈದ್ಯೆ ಎಲ್ಲರಿಗೂ ದೊರೆಯುವರೆಂದು ನೆಚ್ಚುವಂತಿಲ್ಲ.

ಮೊನ್ನೆ ಭಟ್ಟರು ಮತ್ತೆ ಬಂದಿದ್ದರು. 136ಕ್ಕೆ 86. ಬಾಯಲ್ಲಿ ಏನೂ ಇರಲಿಲ್ಲ, ತೋರಿಸಿಯೇ ಕುಳಿತರು. ಚಹಾ ಮುಗಿಸಿ, ಜೇಬಿನಿಂದ ಗುಳಿಗೆಯ ಹಾಳೆ ತೆಗೆದು, “ಕಡ್ಡಿ ಹೋಯಿತು, ಬಿ.ಪಿ.ಯೂ ಹೋಯಿತು. ಈ ಒಂದನ್ನೂ ಇನ್ನು ಬಿಡಬಹುದಲ್ಲ ರಾಯರೇ?” ಎಂದು ಕೇಳಿದರು. ಒಮ್ಮೆ ಗಲ್ಲೆಯ ಮೇಲೆ ಕುಳಿತು ಮದ್ದು ಹೇಳಿದ್ದು ಸಾಕಾಗಿದೆ, ಆ ಮಾತನ್ನು ಆ ವೈದ್ಯೆಯನ್ನೇ ಕೇಳಿ ಎಂದೆವು. ಗುರುವಾರ ಹೋಗುತ್ತಾರೆ, ರಜೆಗೆ ಮಾಲಿಕರು ಒಪ್ಪಿದ್ದಾರಂತೆ.